ಮಂಗರವಳ್ಳಿ ಬಗ್ಗೆ ನಾನು ಅಕ್ಕನಿಗೆ ಹೇಳಿದ್ದು

ಅಕ್ಕ ಬಿದ್ದ ಸುದ್ದಿ ನನಗೆ ಮೂರು ತಾಸು ತಡವಾಗಿ ತಲುಪಿತು. ಹಾವೇರಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಆಗ ಪಾಠದ ಜೊತೆಗೆ ಪಿಎಚ್.ಡಿ. ಕೆಲಸವೂ ನಡೆದಿತ್ತು. ಕೋಶಗಳನ್ನು ಬೆಳೆಸುವ ಕೋಣೆಯೊಳಗೆ ಫೋನು ಒಯ್ಯುವಂತಿಲ್ಲ. ಕೈ ತೊಳೆದು, ಗವಸು ಹಾಕಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದರೆ ಹೊರಗೆ ಏನು ನಡೆದರೂ ಗೊತ್ತಾಗುವುದಿಲ್ಲ. ಅಂದು ಹೊರಗೆ ಬಂದು ಬ್ಯಾಗಿನಿಂದ ಫೋನು ತೆಗೆದಾಗ ಮಾವ ಏಳು ಸಲ ಕರೆ ಮಾಡಿದ್ದರು. ಅಕ್ಕನ ಗಂಡನನ್ನು ನಾನು ಮಾವ ಎಂದೇ ಕರೆಯುವುದು.

"ಏನಾತ್ರಿ ಮಾವಾ?"

"ನಿಮ್ಮ ಅಕ್ಕ ಗೋದಾಮಿನ್ಯಾಗ ಬಿದ್ದಾಳ. ಕಾಲು ಮುರದೈತಿ. ರಾಣೆಬೆನ್ನೂರಿಗೆ ಕರಕೊಂಡು ಬಂದೇವಿ. ಅಂಜಬ್ಯಾಡ, ಮಾತಾಡಾಕತ್ತಾಳ."

ಅಕ್ಕ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮೊಂದರಲ್ಲಿ ಮೇಲ್ವಿಚಾರಕಿ. ತೊಟ್ಟು ಮುರಿದು ಕಾಯಿ ಆರಿಸುವ ಮೂವತ್ತು ನಲವತ್ತು ಹೆಂಗಸರ ಕೆಲಸ ನೋಡಿಕೊಳ್ಳುವುದು ಅವಳ ಜವಾಬ್ದಾರಿ. ಯಾವುದೋ ಚೀಲದ ಮೇಲಿನ ಗುರುತು ಓದಲು ಚೀಲಗಳ ಮೇಲೆ ಹತ್ತಿದ್ದಾಳೆ. ಕೆಳಗಿನ ಚೀಲ ಜರುಗಿದೆ. ಒಂದು ಕಾಲು ಎರಡು ಚೀಲಗಳ ನಡುವೆ ಸಿಕ್ಕಿಕೊಂಡಿದ್ದಾಗಲೇ ಇಡೀ ಮೈ ಆಚೆಗೆ ಉರುಳಿದೆ. ಮೊಣಕಾಲಿನ ಕೆಳಗಿನ ಮೂಳೆ ಕಟ್ಟಿಗೆ ಮುರಿದ ಸದ್ದು ಮಾಡಿತಂತೆ. ಆ ಸದ್ದನ್ನು ಕೇಳಿ, ಘಾಟಿಗೆ ಕೆಮ್ಮುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು ಎಂದು ಅವಳೇ ಆಮೇಲೆ ನನಗೆ ಹೇಳಿದಳು.

ರಾಣೆಬೆನ್ನೂರಿನ ಎಲುಬಿನ ಡಾಕ್ಟರು ಮೂಳೆಯನ್ನು ಸರಿಯಾಗಿ ಕೂಡಿಸಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರ ಆ ಪಾದ ನೆಲಕ್ಕೆ ತಾಗಬಾರದು ಎಂದರು. ಆರು ವಾರವೆಂದರೆ ಅಕ್ಕನಿಗೆ ಆರು ವರ್ಷವಿದ್ದಂತೆ. ಐವತ್ತೊಂದು ವಯಸ್ಸಿನ ಅವಳು ಜ್ವರ ಬಂದಾಗಲೂ ಮಲಗಿದವಳಲ್ಲ.

ಮುಂದಿನ ಭಾನುವಾರ ನಾನು ರೈಲು ಹಿಡಿದು ಬ್ಯಾಡಗಿಗೆ ಹೋದೆ. ಅಕ್ಕ ಪಡಸಾಲೆಯ ಮಂಚದ ಮೇಲೆ, ಕಾಲನ್ನು ಎರಡು ದಿಂಬಿನ ಮೇಲೆ ಇಟ್ಟುಕೊಂಡು, ಮಡಿಲಲ್ಲಿ ಮೊರ ಹಿಡಿದು ಕೂತಿದ್ದಳು. ಮೊರದಲ್ಲಿ ಮಂಗರವಳ್ಳಿ ಇತ್ತು.

ನಮ್ಮ ಕಡೆ ಈ ಬಳ್ಳಿ ಗೊತ್ತಿಲ್ಲದವರಿಲ್ಲ. ಬೇಲಿಯ ಮೇಲೆ, ಹಾಳು ಗೋಡೆಯ ಮೇಲೆ ಹಬ್ಬುತ್ತದೆ. ದಂಟು ನಾಲ್ಕು ಮೂಲೆಯದು, ಗೆಣ್ಣು ಗೆಣ್ಣಾಗಿ ಕೂಡಿಸಿದಂತಿರುತ್ತದೆ. ಹಸಿ ಇದ್ದಾಗ ಮುಟ್ಟಿದರೆ ಕೈ ತುರಿಸುತ್ತದೆ, ತಿಂದರೆ ಗಂಟಲು ತುರಿಸುತ್ತದೆ. ಹಾಗಾಗಿ ನಾರು ತೆಗೆದು, ತುಪ್ಪದಲ್ಲಿ ಹುರಿದು, ಹುಣಸೆಹಣ್ಣು ಹಾಕಿ ಚಟ್ನಿ ಮಾಡುತ್ತಾರೆ. ಮೂಳೆ ಮುರಿದವರಿಗೆ ಅದನ್ನು ತಿನ್ನಿಸುವುದು, ಅರೆದು ಮೇಲೆ ಕಟ್ಟುವುದು ಹಿಂದಿನಿಂದ ಬಂದ ರೂಢಿ. ನಮ್ಮವ್ವನೂ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನ ಮುಂಗೈ ಮುರಿದಾಗ ಅವಳು ತಿನ್ನಿಸಿದ ಆ ಚಟ್ನಿಯ ನೆನಪಿನಿಂದಲೇ ನಾನು ಪಿಎಚ್.ಡಿ.ಗೆ ಆ ಬಳ್ಳಿಯನ್ನು ಆರಿಸಿಕೊಂಡಿದ್ದು. ದಂಟಿನಿಂದ ಒಂದು ಅಂಶವನ್ನು ಬೇರ್ಪಡಿಸಿ ಒಣಗಿಸಿದರೆ ಉಗುರಿನ ಮೇಲೆ ಕೂರುವಷ್ಟು ಬಿಳಿ ಪುಡಿ ಸಿಗುತ್ತಿತ್ತು. ಅದನ್ನು ಮೂಳೆಯ ಕೋಶಗಳಿಗೆ ಕೊಟ್ಟರೆ ಅವು ಬೆಳೆಯುತ್ತವೆಯೇ, ಇಲ್ಲವೇ? ನನ್ನ ಪ್ರಶ್ನೆ ಅಷ್ಟೇ.

ಸಾಲು ಸಾಲು ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ಅವು ಜೀವಂತ ಇವೆಯೇ ಎಂದು ತಿಳಿಯಲು ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಕೋಶ ಹೆಚ್ಚಿದ್ದಷ್ಟೂ ನೇರಳೆ ಗಾಢವಾಗುತ್ತದೆ. ಅಕ್ಕ ಬಿದ್ದ ವಾರವೇ ನನ್ನ ಮೊದಲ ತಟ್ಟೆ ಚೆನ್ನಾಗಿ ಬಂದಿತ್ತು. ಬಳ್ಳಿಯ ಅಂಶ ಹಾಕಿದ ಗುಳಿಗಳು ನೇರಳೆಹಣ್ಣಿನ ರಸ ತುಂಬಿಟ್ಟಂತೆ ಕಾಣುತ್ತಿದ್ದವು. ಫೋನಿನಲ್ಲಿ ಅದರ ಫೋಟೊ ಇತ್ತು. ಅಕ್ಕನಿಗೆ ತೋರಿಸಿದೆ.

"ಅಕ್ಕಾ, ಇಲ್ನೋಡು. ಈ ಸಾಲಿಗೆ ಬರೇ ನೀರು. ಈ ಸಾಲಿಗೆ ನಿನ್ನ ಮೊರದಾಗಿನ ಬಳ್ಳೀದು. ಎಷ್ಟ್ ಬೆಳದಾವ ನೋಡು."

ಅವಳು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಎಲಬು ಬೆಳದೈತಿ ಅಂದಂಗಾತು?"

"ಎಲಬಿನ ಕೋಶ."

"ಅಂದ್ರ ಅವ್ವ ಹೇಳ್ತಿದ್ದುದು ಖರೇ."

"ಖರೇ ಅಕ್ಕಾ," ಎಂದೆ.

ಆ ಒಂದು ಮಾತನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡೆನೋ ಲೆಕ್ಕವಿಲ್ಲ. ಅಕ್ಕ ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟವಳು. ಅವ್ವ ತೀರಿಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ನಾನು ಓದಿದ್ದು ಕೊನೆಗೂ ಮನೆಯ ಮಾತಿಗೆ ಸಾಕ್ಷಿಯಾಯಿತಲ್ಲ ಎಂದು ಅವಳ ಮುಖ ಅರಳಿದ್ದನ್ನು ನೋಡಿ, ಹೇಳಬೇಕಾದ ಉಳಿದ ಮಾತುಗಳನ್ನು ನಾನು ನುಂಗಿಕೊಂಡೆ. ಅದು ಒಂದೇ ತಟ್ಟೆಯ ಫಲಿತಾಂಶ. ತಟ್ಟೆಯೊಳಗಿನ ಕೋಶಕ್ಕೂ ಮೈಯೊಳಗಿನ ಮೂಳೆಗೂ ಬಹಳ ಅಂತರವಿದೆ. ಚಟ್ನಿಯೊಳಗಿನ ಬಳ್ಳಿ ಬೇರೆ, ನನ್ನ ಬಿಳಿ ಪುಡಿ ಬೇರೆ. ಯಾವುದನ್ನೂ ಹೇಳಲಿಲ್ಲ.

ಮೂರು ವಾರಗಳ ನಂತರ ಅದೇ ಪುಡಿಯನ್ನು ಹೆಚ್ಚು ಪ್ರಮಾಣದಲ್ಲಿ ಹಾಕಿ ನೋಡಿದೆ. ಸ್ವಲ್ಪ ಹಾಕಿದ ಗುಳಿಗಳು ನೇರಳೆಯಾದವು. ಬಹಳ ಹಾಕಿದ ಗುಳಿಗಳು ಹಳದಿಯಾಗಿಯೇ ಉಳಿದವು. ಅಲ್ಲಿನ ಕೋಶಗಳು ಸತ್ತಿದ್ದವು. ನನ್ನ ಮಾರ್ಗದರ್ಶಕರು ನೋಡಿ, "ಸರಿಯಾಗೇ ಬಂದೈತಿ. ಹಿತಮಿತವಾಗಿದ್ರ ಒಳ್ಳೇದು, ಮಿತಿ ಮೀರಿದ್ರ ವಿಷ. ಯಾವ ಔಷಧಕ್ಕಾದ್ರೂ ಹಿಂಗ," ಎಂದರು. ನಾನೂ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಕ್ಕನಿಗೆ ಫೋನು ಮಾಡಿ ಹೇಳಬೇಕೆಂದು ಅನ್ನಿಸಲೇ ಇಲ್ಲ. ವಾರಕ್ಕೊಮ್ಮೆ ಚಟ್ನಿ ತಿನ್ನುವವಳಿಗೆ ಇದನ್ನೇಕೆ ಹೇಳುವುದು ಎಂದುಕೊಂಡೆನೋ, ಅಥವಾ ಕೆಲಸದ ಗಡಿಬಿಡಿಯೋ, ಈಗ ಗೊತ್ತಾಗುವುದಿಲ್ಲ.

ಆರು ವಾರಕ್ಕೆ ಪ್ಲಾಸ್ಟರ್ ತೆಗೆದು ಪಟ್ಟಿ ಕಟ್ಟಿ ಕಳಿಸಿದರು. ಇನ್ನೂ ಪೂರಾ ಭಾರ ಹಾಕಬಾರದು ಎಂದು ಹೇಳಿದ್ದರು. ಹತ್ತನೆಯ ವಾರದಲ್ಲಿ ಅಕ್ಕನ ಫೋನು ಬಂತು. ನೋವು ಕಡಿಮೆಯಾಗಿಲ್ಲ, ಮುರಿದ ಜಾಗದಲ್ಲಿ ಬಾವು ಬಂದಿದೆ, ಮುಟ್ಟಿದರೆ ಬಿಸಿ ಇದೆ ಎಂದಳು. ರಜೆ ಹಾಕಿ ಹೋದೆ. ಮೊಣಕಾಲಿಗೂ ಪಾದಕ್ಕೂ ನಡುವೆ, ಚರ್ಮದ ಕೆಳಗೆ, ಲಿಂಬೆಹಣ್ಣು ಇಟ್ಟಂಥ ಗಂಟು. ಗಟ್ಟಿಯಾಗಿತ್ತು.

ಅಂದೇ ರಾಣೆಬೆನ್ನೂರಿಗೆ ಹೋದೆವು. ಡಾಕ್ಟರು ಹೊಸ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಮುರಿತದ ಗೆರೆ ಹಾಗೇ ಕಾಣುತ್ತಿತ್ತು. ಅದರ ಸುತ್ತ ಬಿಳಿಯ ಏನೋ ಒಂದು, ಹೊಗೆ ಮುತ್ತಿಕೊಂಡಂತೆ, ಮೂಳೆಯ ಹೊರಗೆಲ್ಲ ಹಬ್ಬಿತ್ತು. ಡಾಕ್ಟರು ಹಳೆಯ ಚಿತ್ರ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಮತ್ತೆ ಹೊಸದನ್ನು ನೋಡಿದರು.

"ಅಕ್ಕಾರ, ಬೀಳೂಕಿಂತ ಮೊದಲ ಈ ಜಾಗಾದಾಗ ನೋವಿತ್ತೇನ್ರಿ?"

"ಒಮ್ಮೊಮ್ಮೆ ಎಳೀತಿತ್ರಿ. ದಿನಾ ನಿಂತ ಕೆಲಸ ಅಲ್ರಿ, ಅದಕ್ಕಿರಬೇಕು ಅಂತ ಬಿಟ್ಟಿದ್ದೆ."

"ಹುಂ." ಅವರು ಪೆನ್ನಿನ ತುದಿಯಿಂದ ಆ ಬಿಳಿಯ ಸುತ್ತ ಒಂದು ಸುತ್ತು ತಿರುಗಿಸಿದರು. "ಎಲಬು ಸಿಕ್ಕಾಪಟ್ಟಿ ಬೆಳದೈತ್ರಿ. ಆದ್ರ ಕೂಡಿಲ್ಲ. ಇದು ಮುರದದ್ದಕ್ಕ ಬೆಳದದ್ದು ಇರಬಹುದು. ಬ್ಯಾರೇನೂ ಇರಬಹುದು. ನೋಡಿ ಹೇಳೂದು ಕಷ್ಟ. ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಸ್ರಿ, ಒಂದು ಸಣ್ಣ ಚೂರು ತಗದು ಪರೀಕ್ಷಾ ಮಾಡ್ತಾರ."

"ಬ್ಯಾರೇನೂ ಅಂದ್ರ ಏನ್ರಿ?" ಎಂದು ಅಕ್ಕ ಕೇಳಿದಳು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಫಾರ್ಮಸಿಯವಳೆಂದು ಅವರಿಗೆ ಗೊತ್ತಿತ್ತು. "ಮೊದಲ ಪರೀಕ್ಷಾ ಆಗಲ್ರಿ," ಎಂದಷ್ಟೇ ಹೇಳಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಮಾವ ಆಟೋ ತರಲು ಹೋದರು. ಅಕ್ಕ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು, ಅದರ ಹಿಂದೆ ಒಂದು ಸ್ಟೀಲಿನ ಡಬ್ಬಿ. ಡಬ್ಬಿಯೊಳಗೆ ಬೂದಿ ಹಸಿರು ಬಣ್ಣದ ಪುಡಿ. ಒಂದು ಚಮಚ ತುಂಬ ಬಾಯಿಗೆ ಹಾಕಿಕೊಂಡು, ಗಂಟಲು ತುರಿಸಿದ್ದಕ್ಕೆ ಕೆಮ್ಮಿ, ನೀರು ಕುಡಿದಳು.

"ಅದೇನು ಅಕ್ಕಾ?"

"ಮಂಗರವಳ್ಳಿ. ಒಣಗಿಸಿ ಕುಟ್ಟಿಟ್ಟೇನಿ. ಚಟ್ನಿ ಎಷ್ಟಂತ ತಿನ್ನೂದು? ದಿನಕ್ಕ ಮೂರು ಹೊತ್ತು ಹಿಂಗ ತಿಂತೀನಿ."

"ಯಾವಾಗಿಂದ?"

"ನೀ ಬಂದು ಫೋಟೊ ತೋರಿಸಿದ ಮರುದಿನದಿಂದ."

ಆಗ ನನಗೆ ಪ್ರಯೋಗಾಲಯದ ಒಂದು ಕಾಗದದ ನೆನಪಾಯಿತು.

ನಾವು ಬೆಳೆಸುವ ಮೂಳೆಯ ಕೋಶಗಳನ್ನು ಹೆಪ್ಪುಗಟ್ಟಿಸಿ ಸಣ್ಣ ಶೀಸೆಯಲ್ಲಿ ಕಳಿಸುತ್ತಾರೆ. ಜೊತೆಗೊಂದು ಕಾಗದ ಬರುತ್ತದೆ: ಕೋಶ ಎಲ್ಲಿಯದು, ಹೇಗೆ ಬೆಳೆಸಬೇಕು, ಏನು ತಿನ್ನಿಸಬೇಕು. ಆರೋಗ್ಯವಂತರ ಮೂಳೆಯಿಂದ ತೆಗೆದ ಕೋಶ ತಟ್ಟೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಎಷ್ಟು ತಲೆಮಾರಾದರೂ ಸಾಯದೆ ಬೆಳೆಯುವ ಕೋಶ ಬೇಕೆಂದರೆ ಹೆಚ್ಚಾಗಿ ಗಡ್ಡೆಯಿಂದ ತೆಗೆದದ್ದನ್ನೇ ಬಳಸುತ್ತಾರೆ. ನನ್ನ ಕೋಶಗಳೂ ಅಂಥವೇ. ಯಾರೋ ಒಬ್ಬ ರೋಗಿಯ ಮೂಳೆಯ ಕ್ಯಾನ್ಸರಿನಿಂದ ಎಂದೋ ತೆಗೆದವು. ಇದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಮೊದಲ ದಿನವೇ ಓದಿ, ಸಹಿ ಮಾಡಿ, ಕಡತದಲ್ಲಿ ಸೇರಿಸಿದ್ದೆ. ಆದರೆ ಆ ಬೆಂಚಿನ ಮೇಲೆ ಕೂತಾಗ ಅದು ಬೇರೆಯೇ ರೀತಿಯಲ್ಲಿ ಅರ್ಥವಾಯಿತು. ನನ್ನ ತಟ್ಟೆಯಲ್ಲಿ ನೇರಳೆಯಾಗಿ ಹಿಗ್ಗಿದ್ದು ಗಡ್ಡೆಯ ಕೋಶ. ಅದನ್ನು ಹಿಗ್ಗಿಸಿದ್ದು ಬಳ್ಳಿ. ಅಕ್ಕನ ಕಾಲಿನಲ್ಲಿ ಅದೇನೋ ಹಿಗ್ಗುತ್ತಿದೆ, ಅವಳು ದಿನಕ್ಕೆ ಮೂರು ಹೊತ್ತು ಅದಕ್ಕೆ ಬಳ್ಳಿ ತಿನ್ನಿಸುತ್ತಿದ್ದಾಳೆ. ಹೇಳಿದವಳು ನಾನು.

ಮಾವ ಆಟೋ ತಂದರು. ಅಕ್ಕನ ತೋಳು ಹಿಡಿದು ಹತ್ತಿಸುವಾಗ ಅವಳ ಬ್ಯಾಗನ್ನು ಬೆಂಚಿನ ಮೇಲೇ ಮರೆತೆ. ಅವಳೇ ನೆನಪಿಸಿ, "ಯಾಕ, ಬೆಳಿಗ್ಗಿಂದ ಏನೂ ತಿಂದಿಲ್ಲೇನು?" ಎಂದು ಕೇಳಿದಳು.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಮೂಳೆಯ ಚೂರನ್ನೂ ತೆಗೆದರು. ಹತ್ತು ದಿನದಲ್ಲಿ ವರದಿ ರಾಣೆಬೆನ್ನೂರಿನ ಡಾಕ್ಟರಿಗೇ ಬರುತ್ತದೆ ಎಂದರು.

ಆ ಹತ್ತು ದಿನ ನಾನು ಹೇಗೆ ಕಳೆದೆ ಎಂದು ಬರೆಯುವುದು ಕಷ್ಟ. ಕಾಲೇಜಿಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ. ಕೋಶಗಳ ಕೋಣೆಗೆ ಮಾತ್ರ ಹೋಗಲಾಗುತ್ತಿರಲಿಲ್ಲ. ಎರಡನೆಯ ದಿನ ಮನಸ್ಸು ಗಟ್ಟಿ ಮಾಡಿ ಹೋದೆ. ಎರಡು ದಿನಕ್ಕೊಮ್ಮೆ ಅವುಗಳ ಆಹಾರ ಬದಲಿಸದಿದ್ದರೆ ಸಾಯುತ್ತವೆ. ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡಿದೆ. ಉದ್ದುದ್ದ ಕೈಕಾಲು ಚಾಚಿ, ಒಂದರ ಮೈಗೆ ಒಂದು ಅಂಟಿಕೊಂಡು, ತಟ್ಟೆಯ ತಳವನ್ನು ಪೂರಾ ಮುಚ್ಚಿಬಿಟ್ಟಿದ್ದವು. ಎರಡು ತಿಂಗಳು ಇವನ್ನು ನೋಡಿ, "ಇವತ್ತ ಚಲೋ ಅದಾವ" ಎಂದು ಖುಷಿಪಟ್ಟವಳು ನಾನು. ಈಗ ಅವು ಜಾಗ ಸಾಲದೆ ಒಂದರ ಮೇಲೊಂದು ಹತ್ತುತ್ತಿದ್ದುದನ್ನು ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ತಟ್ಟೆಯನ್ನು ಒಳಗಿಟ್ಟು, ಹೊರಗೆ ಬಂದು, ಮೊಣಕೈವರೆಗೆ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡೆ. ಅದರಿಂದ ಏನೂ ಅಂಟುವುದಿಲ್ಲವೆಂದು ಗೊತ್ತಿದ್ದೂ ತೊಳೆದೆ.

ಮಾರ್ಗದರ್ಶಕರಿಗೆ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ಎದುರಿಗೆ ಕೂತರು.

"ನೋಡ್ರಿ, ತಟ್ಟಿ ಮಾತು ಬ್ಯಾರೆ, ಮನಷ್ಯಾರ ಮಾತು ಬ್ಯಾರೆ. ಪುಡಿ ತಿಂದ್ರ ಹೊಟ್ಟ್ಯಾಗ ಎಷ್ಟು ಕರಗತೈತಿ, ರಕ್ತಕ್ಕ ಎಷ್ಟು ಹೋಗತೈತಿ, ಎಲಬಿಗೆ ಎಷ್ಟು ಮುಟ್ಟತೈತಿ, ಯಾರಿಗೆ ಗೊತ್ತು? ನಿಮ್ಮ ಅಂಜಿಕಿಗೆ ಆಧಾರ ಇಲ್ಲ."

"ಹಂಗಾರ ನಾ ಅಕ್ಕಗ ಹೇಳಿದ್ದಕ್ಕೂ ಆಧಾರ ಇರಲಿಲ್ಲಲ್ರೀ ಸರ್," ಎಂದೆ.



ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆ. ಈ ಬಳ್ಳಿ ಗಡ್ಡೆಯನ್ನು ಬೆಳೆಸುತ್ತದೆಯೇ ಎಂದು ಖಚಿತವಾಗಿ ಹೇಳುವುದು ಎಲ್ಲೂ ಸಿಗಲಿಲ್ಲ. ಬೆಳೆಸುವುದಿಲ್ಲ ಎಂದು ಹೇಳುವುದೂ ಸಿಗಲಿಲ್ಲ. ಹೌದು ಎಂದಿದ್ದರೆ ಅಳಬಹುದಿತ್ತು, ಅಲ್ಲ ಎಂದಿದ್ದರೆ ನಿದ್ದೆ ಮಾಡಬಹುದಿತ್ತು. ಯಾರಿಗೂ ಗೊತ್ತಿಲ್ಲ ಎನ್ನುವುದನ್ನು ಇಟ್ಟುಕೊಂಡು ಏನು ಮಾಡುವುದು? ಮೂಳೆಯ ಕ್ಯಾನ್ಸರ್ ಆದವರ ಚಿತ್ರಗಳನ್ನು ನೋಡಿದೆ. ನೋಡಬಾರದಿತ್ತು. ಅಕ್ಕನ ಎಕ್ಸ್-ರೇಯಲ್ಲಿದ್ದ ಹೊಗೆಯಂಥದೇ ಬಿಳಿ ಅಲ್ಲೂ ಇತ್ತು. ಆಮೇಲೆ ತರಗತಿಯಲ್ಲಿ ಯಾರಾದರೂ 'ಬೆಳವಣಿಗೆ' ಎಂದರೆ ಸಾಕು, ಹೇಳುತ್ತಿದ್ದ ಪಾಠ ಮರೆತುಹೋಗುತ್ತಿತ್ತು.

ಅಕ್ಕ ಮಾತ್ರ ಪುಡಿ ತಿನ್ನುತ್ತಲೇ ಇದ್ದಳು. ಅದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಬೇಕಾದರೆ ಕಾರಣ ಹೇಳಬೇಕಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಬ್ಯಾಡಗಿಗೆ ಹೋದೆ. ಸ್ಟೇಷನ್ನಿನಿಂದ ಆಟೋದಲ್ಲಿ ಹೋಗುವಾಗ ಹೇಗೆ ಶುರುಮಾಡಬೇಕೆಂದು ಹತ್ತು ರೀತಿ ಯೋಚಿಸಿದೆ. ಮನೆಗೆ ಹೋದಾಗ ಅಕ್ಕ ಕಟ್ಟೆಯ ಮೇಲೆ ಕೂತು ಮನೆಖರ್ಚಿನ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಯೋಚಿಸಿದ್ದ ಒಂದು ರೀತಿಯೂ ನೆನಪಾಗಲಿಲ್ಲ.

"ಅಕ್ಕಾ, ಆ ಪುಡಿ ತಿನ್ನೂದ ಬಿಡು."

"ಯಾಕ? ನೀನ ಹೇಳಿದಿ."

"ನಾ ಪೂರಾ ಹೇಳಲಿಲ್ಲ."

ಹೇಳಿದೆ. ಜಾಸ್ತಿ ಹಾಕಿದ ಗುಳಿಗಳಲ್ಲಿ ಕೋಶಗಳು ಸತ್ತದ್ದನ್ನು ಹೇಳಿದೆ. ಆ ಕೋಶಗಳು ಯಾರವು, ಎಲ್ಲಿಯವು ಎನ್ನುವುದನ್ನೂ ಹೇಳಿದೆ. ಕ್ಯಾನ್ಸರ್ ಎನ್ನುವ ಶಬ್ದವನ್ನು ನಮ್ಮಿಬ್ಬರ ನಡುವೆ ಮೊದಲ ಸಲ ಬಾಯಿಬಿಟ್ಟು ಆಡಿದ್ದು ಆಗ. ಅವಳ ಬೆರಳುಗಳು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ, ನಿಧಾನವಾದವು ಅಷ್ಟೇ.

"ಮತ್ತ ಅವತ್ತ ಖರೇ ಅಂದಿಯಲ್ಲ?"

"ಅಂದೆ. ತಪ್ಪು ಮಾಡಿದೆ."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬೀದಿಯ ಕಡೆ ನೋಡುತ್ತ ಹೇಳಿದಳು:

"ನಾನೂ ನಿನಗ ಪೂರಾ ಹೇಳಿಲ್ಲ. ನಾಲ್ಕನೇ ವಾರದಿಂದ ನಾ ನಡಿಯಾಕತ್ತಿದ್ದೆ."

"ಪ್ಲಾಸ್ಟರ್ ಇದ್ದಾಗ?"

"ಹೌದು. ನಿಮ್ಮ ಮಾವ ಕೆಲಸಕ್ಕ ಹೋದ ಮ್ಯಾಗ ಗ್ವಾಡಿ ಹಿಡಕೊಂಡು ಅಡಗಿಮನಿ ತನಕ. ಆಮ್ಯಾಲ ಹಿತ್ತಲ ತನಕ. ಪ್ಲಾಸ್ಟರ್ ಬಿಚ್ಚಿದ ಮ್ಯಾಲ ಗೋದಾಮಿಗೂ ಹೋಗಿ ಬಂದೆ. ಎಲಬು ಬೆಳಿಯಾಕತ್ತಾವ ಅಂತ ನೀ ಫೋಟೊ ತೋರಿಸಿದ್ಯಲ್ಲ, ಇನ್ನೇನು ಕೂಡಿರಬೇಕು ಅನಕೊಂಡೆ."

ಅವಳು ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡು, ಮಾರ್ಕೆಟ್ಟಿನ ದರ ಕೇಳಿದಷ್ಟೇ ಸಾದಾ ದನಿಯಲ್ಲಿ, "ನಾ ಸಾಯ್ತೀನೇನು?" ಎಂದು ಕೇಳಿದಳು.

"ಗೊತ್ತಿಲ್ಲಕ್ಕಾ," ಎಂದೆ. ಆ ಸಲ ಸುಳ್ಳು ಹೇಳಲಿಲ್ಲ. ಒಳಗೆ ಹೋಗಿ ಡಬ್ಬಿ ತರಲು ಅವಳು ನನಗೆ ಹೇಳಿದಳು. ತಂದುಕೊಟ್ಟೆ. ಮುಚ್ಚಳ ತೆಗೆದು, ಇದ್ದ ಪುಡಿಯನ್ನೆಲ್ಲ ಕಟ್ಟೆಯ ಕೆಳಗಿನ ಚರಂಡಿಗೆ ಸುರಿದು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ತೊಳದು ಬೋರಲ ಇಡು" ಎಂದಳು. ಬಚ್ಚಲಲ್ಲಿ ಡಬ್ಬಿ ತೊಳೆಯುತ್ತ ನಾನು ಅತ್ತೆ. ಅವಳಿಗೆ ಕೇಳಿಸಬಾರದೆಂದು ನಳ ಬಿಟ್ಟುಕೊಂಡೇ ಅತ್ತೆ.

ಹತ್ತು ದಿನ ಹನ್ನೆರಡಾಯಿತು. ಹದಿಮೂರನೆಯ ದಿನ ಡಾಕ್ಟರು ಕರೆಸಿದರು. ಅಕ್ಕ, ಮಾವ, ನಾನು ಮೂವರೂ ಹೋದೆವು. ಹೊರಗೆ ನಮ್ಮ ಸರದಿ ಬರುವವರೆಗೆ ಅಕ್ಕ ನನ್ನ ಕಿರುಬೆರಳು ಹಿಡಿದುಕೊಂಡಿದ್ದಳು. ಚಿಕ್ಕಂದಿನಲ್ಲಿ ಶಾಲೆಗೆ ಕರೆದೊಯ್ಯುವಾಗ ಹಾಗೆ ಹಿಡಿಯುತ್ತಿದ್ದಳು. ಅದರ ನಂತರ ಎಂದೂ ಹಿಡಿದಿರಲಿಲ್ಲ.

"ಬರ್ರಿ, ಕುಂದ್ರಿ," ಎಂದರು ಡಾಕ್ಟರು. ಲಕೋಟೆ ಅವರ ಮುಂದಿತ್ತು, ಒಡೆದಿತ್ತು. "ಗಡ್ಡಿ ಅಲ್ರಿ."

ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಕ್ಕ ಮಾತ್ರ ಕೇಳಿಸದವಳಂತೆ ಕೂತಿದ್ದಳು. ಡಾಕ್ಟರು ಮತ್ತೊಮ್ಮೆ ಹೇಳಿದರು:

"ಕ್ಯಾನ್ಸರ್ ಅಲ್ಲ. ಬರೇ ಮುರದ ಎಲಬು ಕೂಡಾಕ ಬೆಳದದ್ದು. ಆದ್ರ ಇಷ್ಟ್ಯಾಕ ಬೆಳೀತು ಅಂದ್ರ, ಮುರದ ಜಾಗಾ ಅಲ್ಲಾಡಾಕತ್ತಿತ್ತು. ಎರಡು ತುದಿ ಅಲ್ಲಾಡಿದ್ರ ಮೈ ಅಂಜಿ ಮತ್ತ ಮತ್ತ ಎಲಬು ಕಟ್ಟತೈತಿ. ಸುತ್ತ ಕಟ್ಟತೈತಿ, ನಡುವ ಕೂಡಂಗಿಲ್ಲ. ನಡದೀರೇನ್ರಿ ಅಕ್ಕಾರ?"

"ನಡದೇನ್ರಿ," ಎಂದಳು ಅಕ್ಕ. ನನ್ನ ಹೆಸರು ಹೇಳಲಿಲ್ಲ. ಹೇಳುತ್ತಾಳೇನೋ ಎಂದು ಕಾಯುತ್ತಿದ್ದ ನಾನೇ ಎಲ್ಲ ಹೇಳಿದೆ: ಫೋಟೊ, ಪುಡಿ, ಮೂರು ಹೊತ್ತು.

"ಡಾಕ್ಟರ್ರ, ಬಳ್ಳಿಯಿಂದ ಏನಾರ ಆಗಿರಬಹುದೇನ್ರಿ? ಒಳ್ಳೇದರ, ಕೆಟ್ಟದ್ದರ?"

ಅವರು ನಕ್ಕರು, ಅಣಕಿಸುವ ನಗುವಲ್ಲ. "ನನಗ ಗೊತ್ತಿಲ್ರಿ. ನೀವ ಅದನ್ನ ಓದಾಕತ್ತೀರಿ, ನೀವ ಹೇಳಬೇಕು."

ನನಗೂ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ಮುಂದಿನ ವಾರ ಅಕ್ಕನ ಮೂಳೆಯೊಳಗೆ ಉಕ್ಕಿನ ಸರಳು ಹಾಕಿದರು. ಅಲ್ಲಾಡುವುದು ನಿಂತಿತು. ನಾಲ್ಕು ತಿಂಗಳಿಗೆ ಎಕ್ಸ್-ರೇಯಲ್ಲಿ ಮುರಿತದ ಗೆರೆ ಮಾಯವಾಯಿತು. ಆ ಕಾಲು ಕೂದಲೆಳೆಯಷ್ಟು ಗಿಡ್ಡವಾಗಿದೆ. ಮೆಟ್ಟಿಲು ಇಳಿಯುವಾಗ, ಊರಾಚೆ ಹೋಗುವಾಗ ಮಾತ್ರ ಕೋಲು ಹಿಡಿಯುತ್ತಾಳೆ. ನಾನು ಕೋಶಗಳ ಕೋಣೆಗೆ ಮರಳಿ ಹೋದೆ. ಪ್ರಬಂಧದಲ್ಲಿ ನೇರಳೆ ಗುಳಿಗಳ ಜೊತೆ ಹಳದಿ ಗುಳಿಗಳ ಚಿತ್ರವನ್ನೂ ಅಷ್ಟೇ ದೊಡ್ಡದಾಗಿ ಹಾಕಿದೆ. ಇವು ಗಡ್ಡೆಯ ಕೋಶಗಳೆಂದೂ, ಇಲ್ಲಿ ಕಂಡದ್ದರಿಂದ ಮುರಿದ ಮೂಳೆ ಬೇಗ ಕೂಡುತ್ತದೆಂದು ಹೇಳಲಾಗದೆಂದೂ ಕೊನೆಯಲ್ಲಲ್ಲ, ಮೊದಲ ಪುಟದಲ್ಲೇ ಬರೆದೆ.

ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕ ಮತ್ತೆ ಗೋದಾಮಿಗೆ ಹೋಗತೊಡಗಿದ ಮೇಲೆ ಒಂದು ದಿನ ಸುಮ್ಮನೆ ಕೇಳಿದೆ, "ಅಕ್ಕಾ, ಆ ಫೋಟೊ ಮಾತು ನೀ ಯಾರಿಗಾರ ಹೇಳಿದ್ಯೇನು?"

"ಎಲ್ಲಾರಿಗೂ ಹೇಳಿದ್ದೆ," ಎಂದಳು. "ನಮ್ಮ ತಂಗಿ ದೊಡ್ಡ ಮಷೀನ್ಯಾಗ ನೋಡ್ಯಾಳ, ಬಳ್ಳಿ ಹಾಕಿದ್ರ ಎಲಬು ಬೆಳಿತಾವಂತ ಅಂತ. ಆಸ್ಪತ್ರಿಯಿಂದ ಬಂದ ಮ್ಯಾಗ, ಅದನ್ನ ನಂಬಬ್ಯಾಡ್ರಿ ಅಂತನೂ ಹೇಳೇನಿ." ಆಮೇಲೆ ಏನೋ ನೆನಪಾಗಿ ಅವಳ ಮುಖ ಬದಲಾಯಿತು. "ಮೋಟೆಬೆನ್ನೂರಿನಿಂದ ಒಬ್ಬಾಕಿ ಕಾಯಿ ಆರಸಾಕ ಬರ್ತಿದ್ಲು, ವಯಸ್ಸಾದಾಕಿ. ನಾ ಮಲಗಿದ್ದಾಗ ನೋಡಾಕ ಬಂದಿದ್ಲು, ಆಕಿಗೂ ಹೇಳಿದ್ದೆ. ಆಕಿ ಕೈ ಮುರಕೊಂಡಾಳ ಅಂತ ಆಮ್ಯಾಲ ಕೇಳಿದ್ದೆ. ಕೆಲಸಕ್ಕ ಬಂದೇ ಇಲ್ಲ."

ಮರುದಿನವೇ ಹೋದೆವು. ಬ್ಯಾಡಗಿಯಿಂದ ದೂರವೇನಲ್ಲ, ಆದರೂ ಆ ದಾರಿ ನನಗೆ ಮುಗಿಯಲೊಲ್ಲದಾಗಿತ್ತು. ಮುರಿದ ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ಕೀವಾಗಿದ್ದರೆ, ಆಕೆಯೇ ಇಲ್ಲದಿದ್ದರೆ? ಆ ಓಣಿಯಲ್ಲಿ ಕೇಳಿದ ಮೊದಲ ಮನೆಯವರು ಕೈ ಮಾಡಿ ತೋರಿಸಿದಾಗ, ಮನೆ ತೋರಿಸಿದರಲ್ಲ, ಮತ್ತೇನೂ ಹೇಳಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಆಕೆ ಅಂಗಳದಲ್ಲೇ ಇದ್ದಳು. ಅರವತ್ತು ದಾಟಿದ ಹೆಂಗಸು, ಸೊಸೆಯ ಜೊತೆ ಜೋಳ ಹಸನು ಮಾಡುತ್ತಿದ್ದಳು. ಅಕ್ಕನನ್ನು ನೋಡಿ ಎದ್ದು ಬಂದಳು. ನಾನು ಯಾರೆಂದು ಅಕ್ಕ ಹೇಳಿದ್ದೇ ತಡ, ಎಡಗೈಯಿಂದ ನನ್ನ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು.

"ಮೇಡಮ್ಮಾರ, ನಿಮ್ಮ ಪುಣ್ಯಾರೀ. ನಳದ ಮುಂದ ಜಾರಿ ಬಿದ್ದೆ. ದವಾಖಾನಿ ಮೆಟ್ಟಲ ಹತ್ತಲಿಲ್ಲ. ಬಳ್ಳಿ ಅರದು ಕಟ್ಟಿದೆ, ತಿಂದೆ. ಎರಡು ತಿಂಗಳದಾಗ ಕೂಡೇತ್ರಿ."

ಬಲಗೈಯನ್ನು ಮುಂದೆ ಚಾಚಿದಳು. ಮಣಿಕಟ್ಟು ಮೇಲಕ್ಕೆ ಉಬ್ಬಿತ್ತು. ಅಂಗೈ ಹೆಬ್ಬೆರಳಿನ ಕಡೆಗೆ ಓರೆಯಾಗಿ ಕೂತಿತ್ತು. ಮೂಳೆ ಕೂಡಿತ್ತು, ಸೊಟ್ಟಗೆ ಕೂಡಿತ್ತು.

"ಅಂಗೈ ಮ್ಯಾಲ ಮಾಡ್ರಿ," ಎಂದೆ. ಮಾಡಲು ನೋಡಿದಳು. ಅರ್ಧಕ್ಕೆ ನಿಂತಿತು.

"ಇಷ್ಟರೀ. ಸಣ್ಣ ಸಣ್ಣ ತೊಟ್ಟು ಹಿಡಿಯಾಕ ಬರಂಗಿಲ್ಲ, ಅದಕ್ಕ ಕೆಲಸಕ್ಕ ಬಂದಿಲ್ಲ. ಉಳಿದಂಗ ಏನೂ ತ್ರಾಸಿಲ್ಲ."

ಅಲ್ಲೇ ಕೂತು ಅವಳಿಗೂ ಎಲ್ಲ ಹೇಳಿದೆ. ಮುರಿದ ಮೂಳೆ ಬಳ್ಳಿ ಇದ್ದರೂ ಕೂಡುತ್ತದೆ, ಇಲ್ಲದಿದ್ದರೂ ಕೂಡುತ್ತದೆ. ನೆಟ್ಟಗೆ ಕೂಡಬೇಕಾದರೆ ಡಾಕ್ಟರು ಸರಿಮಾಡಿ ಕಟ್ಟಬೇಕಿತ್ತು. ನನ್ನ ಮಾತು ಅರ್ಧ ಮಾತಾಗಿತ್ತು. ಈಗಲಾದರೂ ರಾಣೆಬೆನ್ನೂರಿಗೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ. ಸೊಸೆ ತಲೆಯಾಡಿಸುತ್ತಿದ್ದಳು. ಆಕೆ ಮಾತ್ರ ನಾನು ವಿನಯಕ್ಕೆ ಹೀಗೆ ಹೇಳುತ್ತಿದ್ದೇನೆ ಎನ್ನುವಂತೆ ನಗುತ್ತಿದ್ದಳು.

"ಹಂಗನ್ನಬ್ಯಾಡ್ರಿ ಮೇಡಮ್ಮಾರ. ನಿಮ್ಮ ಮಾತು ಸುಳ್ಳಾಗಿದ್ರ ನನ್ನ ಕೈ ಹೆಂಗ ಕೂಡ್ತಿತ್ತು? ನಾ ನಮ್ಮ ಓಣ್ಯಾಗ ಇನ್ನಿಬ್ಬರಿಗೂ ಹೇಳೇನಿ. ಒಬ್ಬಾಕಿ ಮೊನ್ನೆನ ಬಿದ್ದಾಳ, ಸೊಂಟಕ್ಕ ಪೆಟ್ಟಾಗೇತಿ. ಆಕಿನೂ ಬಳ್ಳಿ ಶುರು ಮಾಡ್ಯಾಳ."

ಸೊಸೆ ತಂದಿಟ್ಟ ಚಹಾ ನನ್ನ ಕೈಯಲ್ಲಿತ್ತು. ಕೆಳಗಿಟ್ಟೆ. ಮೊನ್ನೆ ಬಿದ್ದು, ಸೊಂಟಕ್ಕೆ ಪೆಟ್ಟು ಮಾಡಿಕೊಂಡು, ಇದೇ ಓಣಿಯಲ್ಲಿ ಯಾವುದೋ ಒಂದು ಮನೆಯೊಳಗೆ ಒಬ್ಬಳು ನನ್ನ ಹೆಸರು ಹೇಳಿಕೊಂಡು ಮಲಗಿದ್ದಾಳೆ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೋಲು ತೆಗೆದುಕೊಂಡು ಎದ್ದಿದ್ದಳು.

"ಆಕಿ ಮನಿ ಯಾವುದು? ತೋರಸ್ರಿ," ಎಂದಳು.